ಮೊದಲ ಹದಿನೈದು ನಿಮಿಷ

ಆ ಚಿತ್ರಮಂದಿರದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವನನ್ನು ಊರೆಲ್ಲ ಟಾರ್ಚಣ್ಣ ಎಂದು ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದೊಳಗೆ ಉಳಿದಿತ್ತು, ಅಷ್ಟೆ. ಇಪ್ಪತ್ತೆರಡು ವರ್ಷ ಒಂದೇ ಬಾಗಿಲು, ಒಂದೇ ಕೆಲಸ. ಟಿಕೆಟನ್ನು ಎರಡು ತುಂಡು ಮಾಡಿ ಒಂದನ್ನು ಡಬ್ಬಿಗೆ ಹಾಕುವುದು, ಇನ್ನೊಂದನ್ನು ಬಂದವರ ಕೈಗೆ ಕೊಡುವುದು. ದೀಪ ಆರಿದ ಮೇಲೆ ಬಂದವರನ್ನು ಸೀಟಿನವರೆಗೆ ಕರೆದುಕೊಂಡು ಹೋಗುವುದು. ಟಾರ್ಚಿನ ಬೆಳಕು ಯಾರ ಮುಖಕ್ಕೂ ಹೊಡೆಯದಂತೆ, ನಡೆಯುವವರ ಹೆಬ್ಬೆರಳಿನ ಮುಂದೆ ಒಂದು ಗೇಣು ಮಾತ್ರ ಬೀಳುವಂತೆ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮುದುಕಿಯರು ಅವನ ಬೆಳಕನ್ನು ನಂಬಿ ಮೆಟ್ಟಿಲು ಇಳಿಯುತ್ತಿದ್ದರು.

ತಡವಾಗಿ ಬಂದವರು ಕೂರುವ ಮೊದಲು ಅವನ ಕಿವಿಯ ಹತ್ತಿರ ಬಾಗಿ ಪಿಸುಗುಡುತ್ತಿದ್ದರು. “ಶುರುವಾಗಿ ತುಂಬಾ ಹೊತ್ತಾಯ್ತಾ? ಇಷ್ಟೊತ್ತು ಏನೇನಾಯ್ತು?”

ಟಾರ್ಚಣ್ಣ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದ. “ಅಣ್ಣ ತಮ್ಮ ಜಗಳ ಆಡಿದ್ರು, ತಮ್ಮ ಮನೆ ಬಿಟ್ಟ. ಕೂತ್ಕೊಳಿ.” ಇಲ್ಲವೆಂದರೆ, “ಹೀರೋ ಇನ್ನೂ ಬಂದಿಲ್ಲ, ನಿಮ್ಮನ್ನೇ ಕಾಯ್ತಿದ್ದ.” ಕತ್ತಲಲ್ಲಿ ಒಂದು ಸಣ್ಣ ನಗು, ಸೀಟು ಕಿರುಗುಟ್ಟುವ ಸದ್ದು. ಅವನು ಮತ್ತೆ ಬಾಗಿಲಿಗೆ ಬರುತ್ತಿದ್ದ.

ಆದರೆ ಆ ಅಣ್ಣತಮ್ಮಂದಿರ ಜಗಳವನ್ನು ಅವನು ನೋಡಿರಲಿಲ್ಲ. ಈ ವಿಷಯ ಅವನಿಗೊಬ್ಬನಿಗೇ ಗೊತ್ತಿತ್ತು. ಪ್ರತಿ ಆಟದ ಮೊದಲ ಹದಿನೈದು ನಿಮಿಷ ಅವನು ಇರುವುದು ಬಾಗಿಲ ಹೊರಗೆ. ಜನರನ್ನು ಒಳಗೆ ಕರೆದೊಯ್ಯುವಾಗಲೂ ಅವನ ಕಣ್ಣು ಟಾರ್ಚಿನ ಬೆಳಕಿನ ಮೇಲೇ. ಕೊನೆಯವನು ಬಂದು ಕುಳಿತ ಮೇಲೆಯೇ ಬಾಗಿಲು ಹಾಕಿ, ಬಾಗಿಲ ಪರದೆಯ ಪಕ್ಕ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಅಲ್ಲಿಂದ ಕೊನೆಯವರೆಗೆ ಅವನಷ್ಟು ಗಮನವಿಟ್ಟು ಸಿನಿಮಾ ನೋಡುವವರು ಇನ್ನೊಬ್ಬರಿರಲಿಲ್ಲ. ಮೊದಲ ಭಾಗ ಮಾತ್ರ ಅವನ ಪಾಲಿಗೆ ಬರೀ ಸದ್ದು. ಬಾಗಿಲ ಸಂದಿಯಿಂದ ಬರುವ ಮಾತು, ಪಾತ್ರೆ ಬಿದ್ದ ಶಬ್ದ, ರೈಲಿನ ಕೂಗು, ಇಷ್ಟನ್ನು ಹಿಡಿದುಕೊಂಡು ಉಳಿದದ್ದನ್ನು ಅವನೇ ಕಟ್ಟಿಕೊಳ್ಳುತ್ತಿದ್ದ. ಕಿವಿಯಿಂದ ಕಟ್ಟಿದ ಆ ಸಿನಿಮಾಗಳು ಕಣ್ಣಿನಿಂದ ನೋಡಿದವುಗಳಿಗಿಂತ ಒಂದು ಕೈ ಮೇಲೇ ಇದ್ದವು ಎಂದು ಒಳಗೊಳಗೇ ಹೆಮ್ಮೆ ಬೇರೆ. ಯಾರಾದರೂ ಕೇಳಿದ್ದರೆ ಮೊದಮೊದಲು ನಿಜ ಹೇಳುತ್ತಿದ್ದನೇನೋ. ಯಾರೂ ಕೇಳಲಿಲ್ಲ. ದಿನಕ್ಕೆ ನಾಲ್ಕು ಆಟ ಬಾಗಿಲಲ್ಲೇ ನಿಂತವನು ಸಿನಿಮಾ ನೋಡಿಲ್ಲ ಎಂದು ಯಾರಿಗಾದರೂ ಹೇಗೆ ತೋಚಬೇಕು?

ಮನೆಯಲ್ಲಿ ಇದ್ದವಳು ಅಕ್ಕ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಹದಿನೇಳನೇ ವಯಸ್ಸಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಕೆಲಸಕ್ಕೆ ಸೇರಿದವಳು ಈಗ ಅದೇ ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಉಸ್ತುವಾರಿಗೆ ಬಂದಿದ್ದಳು. ಇನ್ನಾರು ತಿಂಗಳಿಗೆ ನಿವೃತ್ತಿ. ಕೈಗೆ ಸಿಕ್ಕಿದ್ದನ್ನೆಲ್ಲ ನಾಲ್ಕಾಗಿ ಮಡಿಸುವುದು ಅವಳ ಅಭ್ಯಾಸ. ಬೆಡ್‌ಶೀಟು, ವೃತ್ತಪತ್ರಿಕೆ, ಔಷಧಿ ಚೀಟಿ, ಎಲ್ಲ ನಾಲ್ಕು ಮಡಿಕೆ. ಇಬ್ಬರೂ ಮದುವೆಯಾಗಲಿಲ್ಲ. ಅವಳಿಗೆ ಅವನನ್ನು ಬೆಳೆಸುವುದರಲ್ಲೇ ವಯಸ್ಸು ದಾಟಿತು. ಅವನಿಗೆ ಬಂದ ಸಂಬಂಧಗಳೆಲ್ಲ ಭಾನುವಾರವೂ ರಜೆಯಿಲ್ಲದ ಗಂಡೇ ಎಂದು ಹಿಂದಕ್ಕೆ ಹೋದವು.

ಅವನಿಗೆ ಆರು ವರ್ಷವಿದ್ದಾಗ ಅಪ್ಪ ಅಮ್ಮ ಒಂದೇ ಜ್ವರದಲ್ಲಿ ತೀರಿಕೊಂಡರು. ಕೆಲವು ತಿಂಗಳಿಗೆ ಅಕ್ಕ ಅವನನ್ನು ಅನಾಥ ಮಕ್ಕಳ ಹಾಸ್ಟೆಲಿಗೆ ಬಿಟ್ಟಳು. ಎರಡು ವರ್ಷದ ನಂತರ ಬಂದು ಕರೆದುಕೊಂಡು ಹೋದಳು. ಅವನಿಗೆ ನೆನಪಿದ್ದದ್ದು ಗೇಟಿನ ಕಂಬಿಯ ನಡುವೆ ಕಂಡ ಅಕ್ಕನ ಬೆನ್ನು ಮಾತ್ರ. ಅದಕ್ಕಿಂತ ಹಿಂದಿನದು ಏನೂ ನೆನಪಿರಲಿಲ್ಲ. ದೊಡ್ಡವನಾದ ಮೇಲೆ ಅದನ್ನೇ ಒಂದು ತಮಾಷೆ ಮಾಡಿಕೊಂಡಿದ್ದ. “ನಮ್ಮಕ್ಕ ನನ್ನ ಎರಡು ವರ್ಷ ಅಡವಿಟ್ಟು ಆಮೇಲೆ ಬಿಡಿಸಿಕೊಂಡ್ಳು” ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಪಕ್ಕದಲ್ಲಿದ್ದರೆ ಅಕ್ಕನೂ ನಗುತ್ತಿದ್ದಳು.

ವರ್ಷದ ಕೊನೆಯ ಭಾನುವಾರ, ಬೆಳಗಿನ ಆಟಕ್ಕೆ ಮುಂಚೆ, ಚಿತ್ರಮಂದಿರದ ಕ್ಯಾಂಟೀನಿನಲ್ಲಿ ಅಭಿಮಾನಿಗಳ ಸಭೆ ಸೇರುತ್ತಿತ್ತು. ವರ್ಷದ ಅತ್ಯುತ್ತಮ ಚಿತ್ರ ಯಾವುದು ಎಂದು ಅಲ್ಲಿ ತೀರ್ಮಾನ. ಸರ್ಕಾರದವರು, ಪತ್ರಿಕೆಯವರು ಕೊಡುವ ಪ್ರಶಸ್ತಿಗಳೆಲ್ಲ ಆ ಸಭೆಯ ಕಣ್ಣಿಗೆ ಮಕ್ಕಳಾಟ. ಗೆದ್ದ ಚಿತ್ರದ ಹೆಸರನ್ನು ಮುಂಭಾಗದ ಗೋಡೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುತ್ತಿದ್ದರು. ಹತ್ತೊಂಬತ್ತು ಹೆಸರು ಆಗಲೇ ಇದ್ದವು. ಮತ ಹಾಕಲು ಒಂದೇ ನಿಯಮ. ಆ ಚಿತ್ರದ ಹರಿದ ಟಿಕೆಟ್ ತುಂಡು ಕೈಯಲ್ಲಿರಬೇಕು. ಅದನ್ನು ಹಳೆಯ ರೀಲಿನ ತಗಡಿನ ಡಬ್ಬಿಗೆ ಹಾಕಿದರೆ ಅದೇ ಮತ. ನೋಡದವನು ಮಾತಾಡಬಾರದು ಎಂಬುದು ಆ ಸಭೆಯ ದೊಡ್ಡ ಸೊಕ್ಕು.

ಟಾರ್ಚಣ್ಣನ ಬಳಿ ಟಿಕೆಟ್ ಇರುತ್ತಿರಲಿಲ್ಲ. “ಅವನಿಗೆ ಟಿಕೆಟ್ ಯಾಕ್ರೀ, ಅವನೇ ಟಿಕೆಟ್ಟು” ಎಂದು ಅಧ್ಯಕ್ಷರಾದ ನಿವೃತ್ತ ಪೋಸ್ಟ್‌ಮಾಸ್ತರು ಮೊದಲ ವರ್ಷವೇ ಹೇಳಿದ್ದರು. ಎರಡೂ ಕಡೆ ಮತ ಸಮಸಮ ಬಂದರೆ ಅವನು ಎದ್ದು ನಿಂತು ಬಾಯಲ್ಲಿ ಹೇಳಬೇಕು. ಅದಕ್ಕೆ ಗೇಟಿನ ಮತ ಎಂದು ಹೆಸರು. ಇಷ್ಟು ವರ್ಷಗಳಲ್ಲಿ ನಾಲ್ಕು ಸಲ ಗೇಟಿನ ಮತವೇ ಗೆಲ್ಲಿಸಿತ್ತು.

ಈ ವರ್ಷ ಉಳಿದದ್ದು ಎರಡು. ಒಂದು ‘ಲಾರಿ ನಂಬರ್ ಒಂಬತ್ತು’, ಬ್ರೇಕಿಲ್ಲದ ಲಾರಿಯೊಂದು ಘಾಟಿ ಇಳಿಯುವ ಕಥೆ. ಅದರ ಕಡೆ ಎದುರು ಸಾಲಿನ ಕಟಿಂಗ್ ಶಾಪಿನವನು. ಅವನನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು, ಕೆಲಸಕ್ಕೂ ನಾಲಿಗೆಗೂ ಒಂದೇ ಹೆಸರು ಸಾಕಾಗಿತ್ತು. ಇನ್ನೊಂದು ‘ಏಳನೇ ಬಾಗಿಲು’. ಮಗುವನ್ನು ಬಿಟ್ಟುಹೋದ ತಾಯಿಯೊಬ್ಬಳು ಮುದುಕಿಯಾಗಿ ಮಗನ ಮನೆಗೆ ಬರುತ್ತಾಳೆ. ಮಗ ಬಾಗಿಲು ತೆರೆದು ಕುರ್ಚಿ ಹಾಕಿ ನೀರು ಕೊಡುತ್ತಾನೆ, ಅಲ್ಲಿಗೆ ಮುಗಿಯಿತು. ಅದರ ಕಡೆ ಟೈಪಿಂಗ್ ಟೀಚರ್.

ಆ ದಿನ ಟಾರ್ಚಣ್ಣ ನಿರೀಕ್ಷಿಸದ ಒಬ್ಬರು ಬಂದು ಕ್ಯಾಂಟೀನಿನ ಕೊನೆಯ ಬೆಂಚಿನಲ್ಲಿ ಕುಳಿತರು. ಅಕ್ಕ. ವರ್ಷಕ್ಕೆ ಒಂದೋ ಎರಡೋ ಸಿನಿಮಾ ನೋಡುವವಳು, ಅದೂ ಆಟಕ್ಕೆ ಅರ್ಧ ಗಂಟೆ ಮುಂಚೆ ಬಂದು ಸೀಟು ಹಿಡಿಯುವವಳು, ಸಭೆಗೆ ಎಂದೂ ಕಾಲಿಟ್ಟಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. ಕನ್ನಡಕದ ಡಬ್ಬಿ ತೆರೆದು, ಅದರೊಳಗಿಂದ ನಾಲ್ಕಾಗಿ ಮಡಿಸಿದ ಟಿಕೆಟ್ ತುಂಡು ತೆಗೆದು, ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಳು.

“ಏನಕ್ಕಾ, ದಾರಿ ತಪ್ಪಿ ಬಂದ್ಯಾ?” ಎಂದ ಟಾರ್ಚಣ್ಣ.

“ಓಟು ಹಾಕೋಣ ಅಂತ ಬಂದೆ ಕಣೋ. ಹಾಕಬಾರದಾ?”

“ಹಾಕಮ್ಮ, ಹಾಕು” ಎಂದರು ಪೋಸ್ಟ್‌ಮಾಸ್ತರು. “ಟಿಕೆಟ್ ಇದ್ದವರೆಲ್ಲ ಇಲ್ಲಿ ರಾಜರು.”

ಕತ್ತರಿ ಶುರುಮಾಡಿದ. “ಸ್ವಾಮಿ, ನನ್ನದು ಒಂದೇ ಪ್ರಶ್ನೆ. ಆ ಮಗ ಯಾಕೆ ನೀರು ಕೊಟ್ಟ? ನಾನಾಗಿದ್ರೆ ಬಾಗಿಲು ಹಾಕಿ ಚಿಲಕ ಜಡೀತಿದ್ದೆ. ಬಿಟ್ಟು ಓಡಿಹೋದವಳು ಕೂದಲು ಬೆಳ್ಳಗಾದ ಮೇಲೆ ಬಂದ್ರೆ ನೀರಂತೆ, ಕುರ್ಚಿಯಂತೆ! ನಮ್ಮ ಲಾರಿಗೆ ಬ್ರೇಕ್ ಇಲ್ಲದಿದ್ರೂ ನ್ಯಾಯ ಇದೆ.”

“ನಿಮ್ಮ ಲಾರಿಯಲ್ಲಿ ನ್ಯಾಯಾನೂ ಇಲ್ಲ, ಕಥೇನೂ ಇಲ್ಲ, ಬರೀ ಹಾರ್ನು” ಎಂದರು ಟೈಪಿಂಗ್ ಟೀಚರ್. “ಶುರುವಿನಲ್ಲಿ ಅವಳು ಬಾಗಿಲು ಬಾಗಿಲು ತಟ್ಟಿಕೊಂಡು ಹೋಗ್ತಾಳಲ್ಲ, ಉತ್ತರ ಅಲ್ಲಿದೆ. ನೀವು ಅದನ್ನ ನೋಡಿದ್ರಾ?”

“ಯಾರಿಗೆ ಕಾಣಿಸಬೇಕು ಟೀಚರ್? ಆಗ ಪರದೆ ತುಂಬಾ ಹೆಸರು ಓಡ್ತಿರುತ್ತೆ, ಮುಂದೆ ಜನ ಓಡಾಡ್ತಿರ್ತಾರೆ. ನಮ್ಮ ಟಾರ್ಚಣ್ಣನ ಕೇಳಿ.”

ಎಲ್ಲರೂ ತಿರುಗಿದರು. ಟಾರ್ಚಣ್ಣ ಆ ಭಾಗವನ್ನು ಬಾಗಿಲ ಹೊರಗಿಂದ ಇನ್ನೂರು ಸಲ ಕೇಳಿದ್ದ. ಮಾತೇ ಇರಲಿಲ್ಲ ಅದರಲ್ಲಿ. ಬಾಗಿಲು ತಟ್ಟುವ ಸದ್ದು, ಮಗುವಿನ ಅಳು, ಮತ್ತೆ ತಟ್ಟುವ ಸದ್ದು. ಕೊನೆಗೆ ಮಗು ನಗುತ್ತಿತ್ತು. ಅಷ್ಟರಿಂದ ಅವನು ಒಂದು ದೃಶ್ಯ ಕಟ್ಟಿ ಮುಗಿಸಿದ್ದ.

“ಅದರಲ್ಲೇನಿಲ್ಲ” ಎಂದ. “ಗಂಡ ಸತ್ತವಳು, ಬಾಡಿಗೆ ಮನೆ ಹುಡುಕ್ತಾಳೆ. ಆರು ಕಡೆ ಇಲ್ಲ ಅಂತಾರೆ. ಏಳನೇದು ಸಿಗುತ್ತೆ. ಮಗು ನಗುತ್ತೆ. ಹೆಸರು ತೋರಿಸೋಕೆ ಇಟ್ಟ ಅಲಂಕಾರ ಅದು.”

ಟೀಚರ್ ಹುಬ್ಬು ಗಂಟಿಕ್ಕಿದರು. “ಬಾಡಿಗೆ ಮನೇನಾ? ನನಗೆ ಹಾಗೆ ಅನ್ನಿಸಲಿಲ್ಲಪ್ಪ.”

“ಇನ್ನೂರು ಸಲ ನೋಡಿದೀನಿ ಟೀಚರ್.”

ಒಂದು ಸಲ ನೋಡಿದವರು ಇನ್ನೂರು ಸಲದ ಮುಂದೆ ಏನು ಹೇಳಿಯಾರು? ಆಗ ಕೊನೆಯ ಬೆಂಚಿನಿಂದ ಮೆಲ್ಲನೆ ಒಂದು ದನಿ ಬಂತು.

“ಬಾಡಿಗೆ ಮನೆ ಅಲ್ಲ ಕಣೋ ಅದು. ಮಗೂನ ಒಳಗೆ ಕರ್ಕೊಳ್ತಾರೆ. ಅವಳನ್ನ ಕರ್ಕೊಳ್ಳಲ್ಲ.”

ಅಕ್ಕನ ಮಾತು ನಿಜವಿದ್ದರೆ ತನ್ನ ಇಪ್ಪತ್ತೆರಡು ವರ್ಷ ಏನಾದೀತು ಎಂದು ಟಾರ್ಚಣ್ಣ ಆ ಗಳಿಗೆಯಲ್ಲಿ ಯೋಚಿಸಲಿಲ್ಲ. ಅವನಿಗೆ ಅನ್ನಿಸಿದ್ದು ಇಷ್ಟೆ. ಇಡೀ ಸಭೆಯ ಎದುರು ಮನೆಯವಳೇ ತನ್ನ ಮಾತು ತೆಗೆದುಹಾಕಿದಳು. ಅದನ್ನು ನಗುವಿನಲ್ಲಿ ಮುಚ್ಚಲು ಹೋದ.

“ನೋಡಿ ಇವರನ್ನ! ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಒಂದು ಸಲ ನೋಡಿ ನನಗೇ ಪಾಠ ಹೇಳ್ತಾರೆ. ಕನಸಲ್ಲಿ ಬಂದಿದ್ದನ್ನೂ ಸಿನಿಮಾಕ್ಕೆ ಸೇರಿಸ್ಕೊಂಡಿದೀಯ ಅಕ್ಕಾ.”

ಕ್ಯಾಂಟೀನು ನಕ್ಕಿತು. ನಗು ಬಂದಮೇಲೆ ಅವನಿಗೆ ನಿಲ್ಲಿಸಲು ಗೊತ್ತಾಗಲಿಲ್ಲ.

“ಅಷ್ಟಕ್ಕೂ, ಮಗೂನ ಬಿಟ್ಟು ಹೋದವಳು ಎಷ್ಟು ಬಾಗಿಲು ತಟ್ಟಿದ್ರೆ ನಮಗೇನು? ಬಿಟ್ಟಿದ್ದು ಬಿಟ್ಟಿದ್ದೇ. ಈ ವಿಷಯದಲ್ಲಿ ನನ್ನ ಕೇಳಿ. ನಾನು ಅನುಭವಸ್ಥ!”

ಈ ಸಲ ಅರ್ಧ ಜನ ನಕ್ಕರು. ಕತ್ತರಿ ಮೇಜು ಕುಟ್ಟಿದ. ಅಕ್ಕನೂ ನಕ್ಕಳು. ಅಡವಿಟ್ಟ ತಮಾಷೆಗೆ ಯಾವತ್ತೂ ನಗುತ್ತಿದ್ದ ನಗುವೇ. ಆಮೇಲೆ ಬಿಚ್ಚಿದ್ದ ಟಿಕೆಟ್ ತುಂಡನ್ನು ಮತ್ತೆ ನಾಲ್ಕಾಗಿ ಮಡಿಸಿದಳು. ಎದ್ದು ಹೋಗಿ ಡಬ್ಬಿಗೆ ಹಾಕಿದಳು.

ಪೋಸ್ಟ್‌ಮಾಸ್ತರು ಟಿಕೆಟ್ ತುಂಡುಗಳನ್ನು ಮೇಜಿನ ಮೇಲೆ ಸುರಿದು, ಹಿಂದೆ ಕಾಗದ ವಿಂಗಡಿಸುತ್ತಿದ್ದ ಕೈಯಿಂದಲೇ ಎರಡು ಗುಡ್ಡೆ ಮಾಡಿದರು. ಒಂದು ತುಂಡಿಗೆ ಮಾತ್ರ ಅಡ್ಡ ಉದ್ದ ಮಡಿಕೆಯ ಗುರುತು. ಅದನ್ನು ಹೆಬ್ಬೆರಳಿನಿಂದ ತೀಡಿ ಸಪಾಟು ಮಾಡಿ ‘ಏಳನೇ ಬಾಗಿಲು’ ಗುಡ್ಡೆಗೆ ಇಟ್ಟರು. ಆ ಕಡೆ ಒಂಬತ್ತು, ಈ ಕಡೆ ಒಂಬತ್ತು.

“ಗೇಟಿನ ಮತ” ಎಂದರು.

ಟಾರ್ಚಣ್ಣ ಎದ್ದು ನಿಂತ. “ಲಾರಿ” ಎಂದ.

ಗದ್ದಲದ ನಡುವೆ ಅಕ್ಕ ಹತ್ತಿರ ಬಂದು, “ಬರ್ತೀನಿ ಕಣೋ. ಮಧ್ಯಾಹ್ನ ಊಟಕ್ಕೆ ಬಾ, ಬಿಸಿ ಇರುತ್ತೆ” ಎಂದು ಹೇಳಿ ಹೋದಳು. ಅವಳ ಬೆನ್ನು ಕ್ಯಾಂಟೀನಿನ ಬಾಗಿಲು ದಾಟುವುದನ್ನು ಅವನು ನೋಡಿದ. ಆಗಲೂ ಏನೂ ಹೊಳೆಯಲಿಲ್ಲ.

ಸೋಮವಾರ, ಮಂಗಳವಾರ, ಬುಧವಾರ ಅಕ್ಕ ಎಂದಿನಂತೆಯೇ ಇದ್ದಳು. ಮುಖ ಊದಿಸಿಕೊಳ್ಳಲಿಲ್ಲ, ತಟ್ಟೆ ಕುಕ್ಕಲಿಲ್ಲ. ಒಂದೇ ಒಂದು ಬದಲಾಗಿತ್ತು. ಅದಕ್ಕೆ ಮೊದಲು ದಿನವೂ ಬಡಿಸುವಾಗ ಅವಳು, “ಇವತ್ತು ಜನ ಯಾವ ಸೀನಿಗೆ ಅತ್ರು?” ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ, ಅಭಿನಯ ಮಾಡಿ ತೋರಿಸುತ್ತಿದ್ದ. ಎಷ್ಟೋ ವರ್ಷದಿಂದ ಅವರಿಬ್ಬರ ಊಟವೆಂದರೆ ಅದೇ. ಮೂರು ದಿನದಿಂದ ಅವಳು ಕೇಳಲಿಲ್ಲ. ತಾನಾಗಿ ಹೇಳಲು ಹೋದವನು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡ.

ಗುರುವಾರ ‘ಏಳನೇ ಬಾಗಿಲು’ ಚಿತ್ರದ ಕೊನೆಯ ದಿನ. ಮಧ್ಯಾಹ್ನದ ಆಟಕ್ಕೆ ಐದೇ ಜನ. ಐವರೂ ದೀಪ ಆರುವ ಮುಂಚೆಯೇ ಬಂದು ಕುಳಿತರು. ಇಡೀ ಬೀದಿಯಲ್ಲಿ ಇನ್ನೊಂದು ತಲೆ ಕಾಣಿಸಲಿಲ್ಲ. ಒಳಗೆ ಮೊದಲ ತಟ್ಟು ಕೇಳಿಸಿತು. ಟಕ್, ಟಕ್. ಮಗುವಿನ ಅಳು. ಟಾರ್ಚಣ್ಣ ಸ್ವಲ್ಪ ಹೊತ್ತು ಹೊರಗೇ ನಿಂತ. ಮಗೂನ ಒಳಗೆ ಕರ್ಕೊಳ್ತಾರೆ, ಅವಳನ್ನ ಕರ್ಕೊಳ್ಳಲ್ಲ ಎಂದಿದ್ದಳು ಅಕ್ಕ. ಬಾಗಿಲು ತಳ್ಳಿ ಒಳಗೆ ಹೋದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಹೆಸರುಗಳು ಇನ್ನೂ ಓಡುತ್ತಿರುವಾಗ ಗೋಡೆಗೆ ಒರಗಿ ನಿಂತ.

ಸೊಂಟದ ಮೇಲೆ ಮಗು ಹೊತ್ತ ಹೆಂಗಸು ಒಂದು ಬಾಗಿಲು ತಟ್ಟುತ್ತಿದ್ದಳು. ಅವಳ ಕೈಯಲ್ಲಿ ಗಂಟಿಲ್ಲ, ಪೆಟ್ಟಿಗೆಯಿಲ್ಲ. ಮನೆ ಹುಡುಕುವವಳಲ್ಲ ಎಂದು ಮೊದಲ ನೋಟಕ್ಕೇ ಗೊತ್ತಾಗುತ್ತಿತ್ತು. ಬಾಗಿಲು ತೆರೆಯುತ್ತದೆ, ಅವಳು ಮಗುವನ್ನು ತೋರಿಸುತ್ತಾಳೆ, ಬಾಗಿಲು ಮುಚ್ಚುತ್ತದೆ. ಹೀಗೆ ಆರು. ಪ್ರತಿ ಬಾಗಿಲಿಗೂ ಅವಳ ಕೆಮ್ಮು ಹೆಚ್ಚುತ್ತದೆ, ಸೆರಗು ಬಾಯಿಗೆ ಒತ್ತಿ ಹಿಡಿಯುತ್ತಾಳೆ. ಏಳನೆಯ ಬಾಗಿಲಲ್ಲಿ ಒಂದು ಮುದಿ ಕೈ ಚಾಚಿ ಮಗುವನ್ನು ಎತ್ತಿಕೊಳ್ಳುತ್ತದೆ. ಬಾಗಿಲು ಅರ್ಧ ತೆರೆದೇ ಇರುತ್ತದೆ. ತಾಯಿ ಹೊಸ್ತಿಲ ಮೇಲೆ ಒಂದು ಕಾಲಿಡುತ್ತಾಳೆ. ಅದೇ ಕೈ, ಕೋಪವಿಲ್ಲದೆ, ಮೆಲ್ಲನೆ ಬಾಗಿಲನ್ನು ಮುಚ್ಚುತ್ತದೆ. ಅವಳು ಹೊರಗೆ ನಿಂತು ಕೇಳುತ್ತಾಳೆ. ಒಳಗೆ ಮಗು ಅಳುತ್ತದೆ. ಅವಳು ಹೋಗುವುದಿಲ್ಲ. ಅಳು ನಿಲ್ಲುತ್ತದೆ. ಆಗಲೂ ಹೋಗುವುದಿಲ್ಲ. ಮಗು ನಗುತ್ತದೆ. ಆಗ ಹೋಗುತ್ತಾಳೆ.

ಆ ನಗುವನ್ನು ಟಾರ್ಚಣ್ಣ ಇನ್ನೂರು ಸಲ ಕೇಳಿದ್ದ. ಅವನ ಕಿವಿಗೆ ಅದು ಮನೆ ಸಿಕ್ಕ ನಗು. ಈಗ ಪರದೆಯ ತುಂಬ ಆ ಹೆಂಗಸಿನ ಮುಖ ಇತ್ತು. ಐದು ಜನರಲ್ಲಿ ಯಾರೋ ಮೂಗೊರೆಸಿಕೊಂಡರು. ಅವನ ಕೈಯಲ್ಲಿ ಟಾರ್ಚು ತಾನಾಗಿ ಹೊತ್ತಿಕೊಂಡು, ಬೆಳಕು ಅವನ ಪಾದದ ಮೇಲೇ ಬಿದ್ದಿತ್ತು. ಯಾವಾಗ ಒತ್ತಿದನೋ ತಿಳಿಯದು. ಆರಿಸಿ ಹೊರಗೆ ಬಂದ.

ಮುಂಭಾಗದಲ್ಲಿ ಬೋರ್ಡ್ ಬರೆಯುವವನು ಏಣಿ ಹತ್ತಿ, ಇಪ್ಪತ್ತನೆಯ ಸಾಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ. “ಟಾರ್ಚಣ್ಣಾ, ಲಾರಿ ಅಂತ ಕೆಂಪಲ್ಲಿ ಬರೀಲಾ, ಹಳದೀಲಾ?”

“ಬರೀಬೇಡ. ಸ್ವಲ್ಪ ತಡಿ.”

“ಬಣ್ಣ ಕಲಸಿ ಆಯ್ತಲ್ಲಣ್ಣ!”

“ತಡಿ ಅಂದೆನಲ್ಲ.” ಬೀದಿ ದಾಟಿದ. ಆಟ ನಡೆಯುವಾಗ ಅವನು ಬಾಗಿಲು ಬಿಟ್ಟು ಬಂದದ್ದು ಅದೇ ಮೊದಲು.

ಕಟಿಂಗ್ ಶಾಪಿನಲ್ಲಿ ಪೋಸ್ಟ್‌ಮಾಸ್ತರ ಮುಖದ ತುಂಬ ಸೋಪಿನ ನೊರೆ. ಕತ್ತರಿ ಕ್ಷೌರದ ಕತ್ತಿ ಹಿಡಿದು ನಿಂತಿದ್ದ. ಕಾಯುವ ಬೆಂಚಿನಲ್ಲಿ ಇನ್ನಿಬ್ಬರು ಸಭೆಯವರು.

“ಏನಪ್ಪಾ, ಗೇಟು ಬಿಟ್ಟು ಗೇಟೇ ನಡ್ಕೊಂಡು ಬಂತು?” ಎಂದ ಕತ್ತರಿ.

“ನಾನು ಆ ಭಾಗ ನೋಡಿರಲಿಲ್ಲ” ಎಂದ ಟಾರ್ಚಣ್ಣ. “ಮೊದಲ ಹದಿನೈದು ನಿಮಿಷ.”

“ಯಾವುದರದ್ದು?”

“ಏಳನೇ ಬಾಗಿಲಿಂದು.” ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ಒಂದು ಸಿನಿಮಾದ ತಪ್ಪು ಯಾರಿಗೂ ಆಗುವಂಥದ್ದು. ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಹಿಂದೆ ಇನ್ನೊಂದು ಕನ್ನಡಿ, ಅದರೊಳಗೆ ಮತ್ತೆ ತನ್ನದೇ ತಲೆ. “ಯಾವುದರದ್ದೂ ನೋಡಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಿನಿಮಾದ ಶುರು ನೋಡಿಲ್ಲ. ನಾನು ಹೊರಗಿರ್ತೀನಲ್ಲ. ಕೇಳಿಸಿಕೊಂಡು ಹೇಳ್ತಿದ್ದೆ.”

ಬೆಂಚಿನಲ್ಲಿ ಒಬ್ಬ ನಕ್ಕ. ತಮಾಷೆ ಎಂದುಕೊಂಡಿರಬೇಕು. ಇನ್ನೊಬ್ಬ ಅವನ ಮೊಣಕೈ ತಿವಿದ. ನಗು ನಿಂತಿತು.

ಕತ್ತರಿಯೇ ಮೊದಲು ಬಾಯಿ ಬಿಟ್ಟದ್ದು. “ಅಯ್ಯೋ ಮಾರಾಯ! ನನ್ನ ಲಾರಿ ಗೆದ್ದ ವಾರವೇ ನಿನಗೆ ಸತ್ಯ ಹೇಳೋ ಕಾಯಿಲೆ ಬರಬೇಕಿತ್ತಾ?”

ಪೋಸ್ಟ್‌ಮಾಸ್ತರು ನಗಲಿಲ್ಲ. ನೊರೆ ಒಣಗುತ್ತಿದ್ದ ಮುಖದಲ್ಲೇ, “ಹಾಗಾದ್ರೆ ಹಿಂದಿನ ನಾಲ್ಕು?” ಎಂದರು.

“ಅವೂ ಹಾಗೇ ಸಾರ್.”

“ನೋಡದವನು ಮಾತಾಡಬಾರದು ಅಂತ ನಿಯಮ ಮಾಡಿದವನು ನಾನು. ಮೊದಲನೇ ದಿನವೇ ನಿನಗೆ ವಿನಾಯಿತಿ ಕೊಟ್ಟವನೂ ನಾನೇ.” ಅವರು ಕಣ್ಣು ಮುಚ್ಚಿಕೊಂಡರು. “ಮತ್ತೆ ಮತ್ತೆ ಓಟು ಹಾಕೋಕೆ ಇದು ಹುಡುಗಾಟ ಅಲ್ಲ. ಟಿಕೆಟುಗಳನ್ನ ಎಸೆದಾಯ್ತು. ಗೇಟಿನ ಮತ ಇನ್ನು ಮೇಲೆ ಇಲ್ಲ. ಒಂಬತ್ತಕ್ಕೆ ಒಂಬತ್ತು. ಈ ವರ್ಷ ಯಾರೂ ಗೆದ್ದಿಲ್ಲ. ಹಲಗೆ ಖಾಲಿ ಬಿಡಿ.”

“ಖಾಲೀನಾ? ಅಸಹ್ಯ ಕಾಣುತ್ತೆ ಸಾರ್” ಎಂದ ಕತ್ತರಿ.

“ಕಾಣಲಿ.”

ಟಾರ್ಚಣ್ಣ, “ನಮ್ಮಕ್ಕ ಸರಿಯಾಗೇ ಹೇಳಿದ್ಳು” ಎನ್ನಬೇಕೆಂದಿದ್ದ. ಅಷ್ಟರಲ್ಲಿ ಕತ್ತಿ ಮಾಸ್ತರ ಕೆನ್ನೆಯ ಮೇಲೆ ಓಡತೊಡಗಿತ್ತು. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಹೊರಗೆ ಬಂದ ಮೇಲೆ ತಾನು ಏಟು ಬಿದ್ದವನಂತೆ ಕೆನ್ನೆ ಸವರಿಕೊಳ್ಳುತ್ತಿರುವುದು ಗೊತ್ತಾಯಿತು.

ಆಟ ಬಿಟ್ಟ ಮೇಲೆ, ಸಂಜೆಯ ಆಟಕ್ಕೆ ಇನ್ನೂ ಒಂದು ಗಂಟೆ ಇರುವಾಗ, ಮನೆಗೆ ನಡೆದ. ಅಕ್ಕ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕಿಟಕಿಯ ಬಿಸಿಲು ಇಸ್ತ್ರಿ ಮೇಜಿನ ಕಾಲಿನವರೆಗೆ ಬಂದಿತ್ತು.

“ಏನೋ ಈ ಹೊತ್ತಲ್ಲಿ? ಹುಷಾರಿಲ್ವಾ?”

“ಅದು ಬಾಡಿಗೆ ಮನೆ ಅಲ್ಲ ಅಕ್ಕಾ.”

ಅವಳು ತೋಳಿನ ಮಡಿಕೆಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದಳು. “ನೋಡಿದ್ಯಾ?”

“ಇವತ್ತು ನೋಡಿದೆ. ಇವತ್ತೇ ಮೊದಲು.” ಉಳಿದದ್ದನ್ನೂ ಹೇಳಿದ. ಕಟಿಂಗ್ ಶಾಪಿನಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದು ಕಷ್ಟವಾಯಿತು. ಅಲ್ಲಿ ಹೇಳಬೇಕಾದದ್ದು ಹದಿನೈದು ನಿಮಿಷ ನೋಡದ ವಿಷಯ ಮಾತ್ರ. ಇಲ್ಲಿ ಇನ್ನೊಂದು ಇತ್ತು. “ಅವತ್ತು ಎಲ್ಲರ ಮುಂದೆ ಅನುಭವಸ್ಥ ಅಂದೆನಲ್ಲ... ನೀನೂ ಹಾಗೇ ಬಾಗಿಲು ತಟ್ಟಿದ್ಯೇನೋ, ಯಾರೂ ಕರ್ಕೊಂಡಿಲ್ವೇನೋ. ನಾನು ಒಂದು ದಿನ ಕೇಳಲಿಲ್ಲ. ತಪ್ಪಾಯ್ತಕ್ಕಾ.”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಸ್ವಿಚ್ಚು ಆರಿಸಿದಳು.

“ನಾನು ಯಾವ ಬಾಗಿಲೂ ತಟ್ಟಲಿಲ್ಲ ಕಣೋ.”

ಅವನು ತಲೆಯೆತ್ತಿದ.

“ಆ ಸಿನಿಮಾದವಳ ಹಾಗೆ ನನಗೇನೂ ಆಗಿರಲಿಲ್ಲ. ಕೆಮ್ಮಿರಲಿಲ್ಲ, ಏನಿಲ್ಲ. ನೀನು ರಾತ್ರಿಯೆಲ್ಲ ಅಮ್ಮ ಬೇಕು ಅಂತ ಅಳ್ತಿದ್ದೆ. ಬೆಳಗಾದ್ರೆ ನಾನು ರಕ್ತದ ಬಟ್ಟೆ ಒಗೀಬೇಕು. ಐದು ತಿಂಗಳು ಕಣ್ಣು ಮುಚ್ಚಿರಲಿಲ್ಲ. ಒಂದು ದಿನ ನಿನ್ನ ಕೈ ಹಿಡ್ಕೊಂಡು ಹಾಸ್ಟೆಲಿಗೆ ಬಿಟ್ಟೆ. ಅಷ್ಟೇ.” ಅವಳು ಅಂಗಿಯ ತೋಳನ್ನು ಹಿಂದಕ್ಕೆ ಮಡಿಸಿದಳು. “ಬಂದು ಬಾಗಿಲು ಹಾಕ್ಕೊಂಡು ಮಲಗಿದೆ. ಎರಡು ದಿನ ಏಳಲಿಲ್ಲ. ಎಂಥಾ ನಿದ್ದೆ ಅಂತೀಯ. ಅಂಥ ನಿದ್ದೆ ಆಮೇಲೆ ಯಾವತ್ತೂ ಬಂದಿಲ್ಲ. ಬಿಟ್ಟಿದ್ದಕ್ಕೆ ನಾಚಿಕೆ ಇಲ್ಲ ನನಗೆ. ನಿದ್ದೆ ಅಷ್ಟು ಚೆನ್ನಾಗಿ ಬಂತಲ್ಲ, ಅದಕ್ಕೆ ನಾಚಿಕೆ.”

ನಿದ್ದೆಗಣ್ಣು ಎಂದು ತಾನು ಹೇಳಿದ ಮಾತು ಟಾರ್ಚಣ್ಣನಿಗೆ ಈಗ ನೆನಪಾಯಿತು. ನೆಲ ನೋಡಿದ.

“ಆ ಸಿನಿಮಾದವಳ ಕಾರಣ ಚೆನ್ನಾಗಿತ್ತು” ಎಂದಳು ಅಕ್ಕ. “ಅವಳಿಗೆ ಬಹುಮಾನ ಬಂದಿದ್ರೆ, ಗೋಡೆ ಮೇಲೆ ಹೆಸರು ಬರೆದಿದ್ರೆ, ನನಗೂ ಒಂಚೂರು ಬಂದ ಹಾಗೆ ಅನ್ಕೊಂಡಿದ್ದೆ. ಹುಚ್ಚು. ಅದಕ್ಕೇ ಟಿಕೆಟ್ ಇಟ್ಕೊಂಡಿದ್ದೆ.”

“ನಾನು ಹಾಳು ಮಾಡಿದೆ.”

“ಮಾಡಿದೆ” ಎಂದಳು. ಸಮಾಧಾನಕ್ಕೂ ಇಲ್ಲ ಎನ್ನಲಿಲ್ಲ. ಅಂಗಿಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿದಳು. ಅವನು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗಿನಿಂದ ಕೂಗಿದಳು. “ಆ ನಗುವಾಗ ಜನ ಅತ್ರೇನೋ?”

“ಇದ್ದಿದ್ದೇ ಐದು ಜನ. ಒಬ್ಬರು ಮೂಗು ಒರೆಸ್ಕೊಂಡ್ರು.”

“ಐದು ಜನದಲ್ಲಿ ಒಬ್ಬರು. ಪರವಾಗಿಲ್ಲ.”

ಹಲಗೆಯಲ್ಲಿ ಇಪ್ಪತ್ತನೆಯ ಸಾಲು ಖಾಲಿ ಉಳಿಯಿತು. ಸೀಮೆಸುಣ್ಣದ ಗುರುತು ಮಾತ್ರ ಹಾಗೇ ಇತ್ತು, ಒರೆಸಲು ಯಾರೂ ಹೇಳಲಿಲ್ಲ. ಟಿಕೆಟ್ ಕೊಡುತ್ತ ಜನ ಕೇಳುತ್ತಿದ್ದರು. “ಯಾಕಣ್ಣ, ಈ ವರ್ಷ ಒಳ್ಳೆ ಸಿನಿಮಾನೇ ಬರಲಿಲ್ವಾ?” ಮೊದಲ ದಿನ ಅವನು ಟಿಕೆಟ್ ಹರಿಯುವುದರಲ್ಲಿ ಮುಳುಗಿದಂತೆ ನಟಿಸಿದ. ಎರಡನೆಯ ದಿನ, “ಬಂದಿತ್ತು. ನನ್ನಿಂದ ತಪ್ಪಾಯ್ತು” ಎಂದ. ಕೇಳಿದವನು ಅರ್ಥವಾಗದೆ ಒಳಗೆ ಹೋದ. ಅವನ ಕಿವಿ ಮಾತ್ರ ಬಿಸಿಯಾಗಿಯೇ ಉಳಿಯಿತು.

ಮುಂದಿನ ಶುಕ್ರವಾರ ಮತ್ತೊಂದು ಹೊಸ ಚಿತ್ರ. ದೀಪ ಆರಿ ಹತ್ತು ನಿಮಿಷವಾದ ಮೇಲೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಟಾರ್ಚಣ್ಣ ಬೆಳಕನ್ನು ಅವಳ ಕಾಲಿನ ಮುಂದೆ ಒಂದು ಗೇಣು ಹಿಡಿದು ನಡೆದ. ಒಳಗೆ ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು, ಎಲ್ಲೋ ಗಾಜು ಒಡೆಯಿತು. ಸೀಟಿನ ಹತ್ತಿರ ಬಂದಾಗ ಅವಳು ಬಾಗಿ ಪಿಸುಗುಟ್ಟಿದಳು.

“ಇಷ್ಟೊತ್ತು ಏನಾಯ್ತಣ್ಣಾ?”

ಗಾಜು ಒಡೆದದ್ದು, ಕರೆದದ್ದು, ಅದಕ್ಕೂ ಮುಂಚಿನ ಒಂದು ಬಾಗಿಲು ಬಡಿದ ಸದ್ದು, ಮೂರೂ ಸೇರಿ ಒಂದು ವಾಕ್ಯ ಆಗಲೇ ಅವನ ನಾಲಿಗೆಯ ತುದಿಗೆ ಬಂದಿತ್ತು.

“ಗೊತ್ತಿಲ್ಲಮ್ಮ” ಎಂದ. “ನಾನೂ ನೋಡಿಲ್ಲ.”

ಅವಳು ಅವನ ಮುಖ ಹುಡುಕಿದಳು. ಅವನು ಟಾರ್ಚು ಆರಿಸಿದ.